ಇಟಲಿಯ ಗೋಡೆಯ ಮೇಲೊಂದು ಚಂದ್ರಿಕೆ

ಮುಳ್ಳೂರು

ವಿದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ವಿಷಯ ಹೇಳಬೇಕಂತೆ. ನಾನು ವಿಮಾನದಲ್ಲಿ ಪೂರ್ತಿ ನಿದ್ದೆ ಮಾಡಿದೆ, ಹೇಳುವುದಕ್ಕೆ ಏನೂ ಇಲ್ಲ. ನನ್ನ ಪ್ರಯಾಣ ಶುರುವಾದದ್ದೇ ಮುಳ್ಳೂರಿನಲ್ಲಿ, ನಮ್ಮ ಭಾವನವರ ಜಗಲಿಯ ಮೇಲೆ.

ಈಗ ನನ್ನ ಮಂಡಿಗಳು ಬಚ್ಚಲಿಗೆ ಹೋಗುವುದಕ್ಕೂ ತಕರಾರು ತೆಗೆಯುತ್ತವೆ. ಆಗ, ಎಪ್ಪತ್ತರ ದಶಕದಲ್ಲಿ, ಐವತ್ತು ದಾಟಿದ್ದರೂ ಗಟ್ಟಿಮುಟ್ಟಾಗಿದ್ದೆ. ನನ್ನ ತವರೂ ಆಗಿದ್ದ ಕೊಳ್ಳೇಗಾಲದಲ್ಲಿ ನಮ್ಮ ಮನೆಯವರದು ರೇಷ್ಮೆ ನೂಲಿನ ವ್ಯಾಪಾರ. ಕಾನ್ವೆಂಟಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಸ್ಟೆಲ್ಲಾ ಲಂಡನ್ನಿನಲ್ಲಿ ನೆಲೆಸಿದ್ದಳು. ಇಬ್ಬರಲ್ಲಿ ಯಾರಾದರೂ ಒಬ್ಬರು ಹೋಗುವ ಮೊದಲು ಒಂದು ಸಲ ಬಾ, ಡಾರ್ಲಿಂಗ್, ಎಂದು ಬರೆದಿದ್ದಳು. ನಮ್ಮವರು ಕಾಗದ ಓದಿ, ಹೋಗಿ ಬಾ, ನಿನ್ನ ಇಂಗ್ಲಿಷಿಗೂ ಸ್ವಲ್ಪ ಗಾಳಿ ಬೆಳಕು ಬೇಕು ಎಂದರು.

ಹೊರಡುವ ಮುನ್ನ ಹಿರಿಯರಿಗೆ ಹೇಳಿ ಬರಲೆಂದು ನಮ್ಮದೇ ತಾಲ್ಲೂಕಿನ ಮುಳ್ಳೂರಿಗೆ ಹೋದೆ. ನಮ್ಮವರ ಅಣ್ಣ ಮಾದಪ್ಪನವರು ಅಲ್ಲಿಯೇ ಬೇಸಾಯ ಮಾಡಿಕೊಂಡಿದ್ದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದವರು. ಆಫ್ರಿಕದ ಮರಳಿನಲ್ಲಿ ಶತ್ರುಗಳ ಕೈಗೆ ಸಿಕ್ಕಿ, ಹಡಗಿನಲ್ಲಿ ಇಟಲಿಗೆ ಹೋಗಿ, ಅಲ್ಲಿ ಸೆರೆಯಲ್ಲಿದ್ದರು. ಇಟಲಿ ಸೋತು ಕೈಚೆಲ್ಲಿದ ದಿನ ಕಾವಲುಗಾರರು ಗೇಟು ತೆರೆದಿಟ್ಟೇ ಮನೆಗೆ ಹೋದರಂತೆ. ಜರ್ಮನರು ಬಂದು ಮತ್ತೆ ಹಿಡಿಯುವ ಮೊದಲು ಕೈದಿಗಳೆಲ್ಲ ಬೆಟ್ಟದ ಕಡೆ ಚದುರಿದರು. ಇಷ್ಟು ಕಥೆ ಮನೆಯ ಮಕ್ಕಳಿಗೂ ಗೊತ್ತಿತ್ತು.

ಇನ್ನೊಂದು ಸಂಗತಿಯೂ ಎಲ್ಲರಿಗೂ ಗೊತ್ತಿತ್ತು. ಭಾವ ರೇಷ್ಮೆ ಹುಳದ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಹಿಪ್ಪುನೇರಳೆ ತೋಟ ಅವರದೇ. ಸೊಪ್ಪು ಕುಯ್ದು, ಕಟ್ಟು ಹೊತ್ತು ತಂದು, ಹೊಸಿಲಿನ ಹೊರಗೆ ಹಾಕಿ ತಿರುಗಿ ಹೋಗುತ್ತಿದ್ದರು. ಬೆಟ್ಟದ ದೇವರು ಮಾದಪ್ಪನಿಗೆ ಏನೋ ಹರಕೆ ಇರಬೇಕು ಎಂದುಕೊಂಡು ಊರು ಸುಮ್ಮನಾಗಿತ್ತು. ಆ ದಿನ ಅವರ ಹೆಂಡತಿ, ನಮ್ಮ ಅಕ್ಕ, ಒಳಗೆ ಕಾಫಿಗೆ ಇಟ್ಟಿದ್ದಾಗ ಅವರೇ ಬಾಯಿಬಿಟ್ಟರು.

"ಗೌರವ್ವ, ಇಟಲೀಲಿ ಒಬ್ಬವ್ವ ಹುಳದ್ ಮನೇಲಿ ನನ್ನ ಬಚ್ಚಿಟ್ಟಿದ್ಳು. ಅಸುಂತಾ ಅಂತ. ಒಂದಿನ ಮದ್ಯಾನ ಕೆಳಗೆ ಬೂಟಿನ ಸದ್ದಾಯ್ತು. ಬಗ್ಗಿ ನೋಡುದ್ರೆ ಇಬ್ರು ಕೋವಿ ಇಡ್ಕಂಡ್ ನಿಂತವ್ರೆ. ನಾನು ಇಂದ್ಗಡೆ ಕಿಟಕೀಲಿ ದುಮುಕ್ಬುಟ್ಟೆ. ತಿರುಗಿ ನೋಡ್ನಿಲ್ಲ. ಆವಮ್ಮುನ್ನ ಏನ್ ಮಾಡುದ್ರೋ."

ಅವರು ಹುಳದ ಮನೆಯ ಬಾಗಿಲ ಕಡೆ ಕೈ ತೋರಿಸಿದರು.

"ನನ್ನಿಂದ ಒಂದ್ ಮನೆ ಆಳಾಗಿದ್ರೆ, ಯಾವ್ ಮಕ ಇಟ್ಕಂಡ್ ಹುಳದ್ ಮನೆ ಒಳಕ್ ಓಗ್ಲಿ, ಏಳು."

ಊರಿನ ಹೆಸರು ಕೇಳಿದೆ. ಮಂಟೆ ಎಂದೇನೋ ಶುರುವಾಗುತ್ತದೆ, ಮುಂದಿನದು ಮರೆತುಹೋಗಿದೆ ಎಂದರು. ಆಮೇಲೆ ನನಗೆ ತಿಳಿಯಿತು, ಇಟಲಿಯಲ್ಲಿ ಬೆಟ್ಟಕ್ಕೆ ಮೊಂತೆ ಅನ್ನುತ್ತಾರೆ, ಬೆಟ್ಟದ ಮೇಲಿನ ಅರ್ಧ ಊರುಗಳ ಹೆಸರು ಹಾಗೇ ಶುರುವಾಗುತ್ತದೆ.

"ನಾನ್ ಬಂದು ನಮ್ಮೋರ್ನ ಸೇರ್ದಾಗ ಒಬ್ಬ ಸಾಹೇಬ ಕೂರುಸ್ಕಂಡು ಎಲ್ಲಾ ಕೇಳಿ ಬರ್ಕಂಡ. ನಾನು ಮರ್ತೆ, ಅವ್ನ ಕಾಗ್ದ ಮರ್ತಿರಾಕಿಲ್ಲ. ಲಂಡನ್‌ಗ್ ಓಯ್ತಿದ್ದೀಯಲ್ಲ, ಉಡುಕ್ಕಂಡ್ ಬಾ ಕಣವ್ವ."

ನೀವೂ ಬನ್ನಿ ಭಾವ ಎಂದೆ. ಒಂದು ಸಲ ಬಿಳಿಯರು ಕರೆದುಕೊಂಡು ಹೋಗಿದ್ದಾರೆ, ಅಷ್ಟು ಸಾಕು ಎಂದು ನಕ್ಕರು.

ಲಂಡನ್, ಸ್ಟೆಲ್ಲಾಳ ಮನೆ

ಸ್ಟೆಲ್ಲಾಳ ಸ್ನಾನದ ಮನೆಯಲ್ಲಿ ಎಲ್ಲವೂ ಇತ್ತು, ಚೊಂಬು ಒಂದನ್ನು ಬಿಟ್ಟು. ಆ ತೊಟ್ಟಿಯಲ್ಲಿ ಮಲಗಿ ಮೈ ನೆನೆಸುವುದು ನನ್ನಿಂದಾಗದ ಕೆಲಸ, ಎಮ್ಮೆಗಳ ನೆನಪಾಗುತ್ತದೆ. ಊಟದ ಮೇಜಿನ ಮೇಲಿದ್ದ ಪಿಂಗಾಣಿಯ ಹಾಲಿನ ಜಗ್ಗನ್ನು ತೆಗೆದುಕೊಂಡು ಹೋಗಿ ಪೊಗದಸ್ತಾಗಿ ಮಿಂದು ಬಂದೆ. ಸ್ಟೆಲ್ಲಾ ಬಾಗಿಲಲ್ಲೇ ನಿಂತಿದ್ದಳು. "ಗೌರಿ, ಅದು ನಮ್ಮಮ್ಮನ ವೆಡ್ಡಿಂಗ್ ಚೈನಾ" ಎಂದಳು. ಮರುದಿನದಿಂದ ನನಗೆ ಗಿಡಕ್ಕೆ ನೀರು ಹಾಕುವ ಡಬ್ಬಿ ಸಿಕ್ಕಿತು. ಅದಕ್ಕೆ ಉದ್ದ ಮೂತಿ ಇತ್ತು, ತಲೆಗೆ ಹುಯ್ದುಕೊಳ್ಳಲು ಅನುಕೂಲ.

ಕೊಳ್ಳೇಗಾಲದಲ್ಲಿ ಹೊಸಬರು ಬಸ್ಸಿಳಿದರೆ ಯಾರ ಮನೆ, ಏನಾಗಬೇಕು, ಎಷ್ಟು ದಿನ ಎಂದು ವಿಚಾರಿಸದೆ ಬೀದಿ ಬಿಡುವುದಿಲ್ಲ. ಲಂಡನ್ನಿನಲ್ಲಿ ಪಕ್ಕದ ಮನೆಯವರು ಪ್ರತಿದಿನ ನನಗೆ ಹವಾಮಾನ ಮಾತ್ರ ತಿಳಿಸುತ್ತಿದ್ದರು. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಂಗಸಿಗೆ ನಾನೇ ಭಾವನವರ ಕಥೆ ಹೇಳಲು ಶುರುಮಾಡಿದೆ. ಆಕೆ ಹೌ ಇಂಟರೆಸ್ಟಿಂಗ್ ಎಂದು ಮುಂದಿನ ಸ್ಟಾಪಿನಲ್ಲೇ ಇಳಿದಳು. ಅದು ಆಕೆಯ ಸ್ಟಾಪು ಹೌದೋ ಅಲ್ಲವೋ, ಈಗಲೂ ನನಗೆ ಅನುಮಾನ.

ಸಂಜೆ ನಾವಿಬ್ಬರೂ ಶಾಲೆಯ ದಿನಗಳಿಗೆ ಓಡಿಹೋಗುತ್ತಿದ್ದೆವು. ನಮಗೆ ಸಂಗೀತ ಕಲಿಸುತ್ತಿದ್ದ ಇಟಲಿಯ ಸಿಸ್ಟರಿಗೆ ಸಿಟ್ಟು ಬಂದರೆ ಇಂಗ್ಲಿಷು ಪೂರ್ತಿ ಮರೆತುಹೋಗುತ್ತಿತ್ತು. ಸಿಲೆಂತ್ಸಿಯೊ, ವೆರ್ಗೋನ್ಯಾ, ಮಲೆದುಕಾತಾ. ಸುಮ್ಮನಿರು, ನಾಚಿಕೆಯಾಗಬೇಕು, ಸಂಸ್ಕಾರವಿಲ್ಲದವಳೇ. ಇಟಲಿಯ ಭಾಷೆಯಲ್ಲಿ ನಮಗೆ ಬರುತ್ತಿದ್ದದ್ದು ಬೈಗುಳಗಳಷ್ಟೇ, ಆದರೆ ಅವನ್ನು ನಾವು ಫಸ್ಟ್ ಕ್ಲಾಸಾಗಿ ಕಲಿತಿದ್ದೆವು.

ಹಳೆಯ ಕಡತಗಳ ಕಟ್ಟಡ

ನಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ಕಂಡವಳು ನಾನು. ಕೆಂಪು ಬಟ್ಟೆಯ ಗಂಟುಗಳು, ಇಲಿಯ ಹಿಕ್ಕೆ, ನಾಳೆ ಬನ್ನಿ ಎನ್ನುವ ಗುಮಾಸ್ತರು. ಅದೇ ಧೈರ್ಯದಲ್ಲಿ ಲಂಡನ್ನಿನ ಆರ್ಕೈವ್ಸಿಗೂ ಹೋದೆ. ಅಲ್ಲಿ ಪೆನ್ನು ಕಸಿದುಕೊಂಡು ಪೆನ್ಸಿಲು ಕೊಟ್ಟರು, ಒಂದನೇ ಕ್ಲಾಸಿಗೆ ಸೇರಿಸಿದಂತಾಯಿತು. ಓದುವ ಕೋಣೆಯಲ್ಲಿ ಕೂತು ಮೊದಲ ಹಾಳೆ ತಿರುವಿದಾಗ ನನ್ನ ಗಾಜಿನ ಬಳೆಗಳು ಝಣ್ ಎಂದವು. ಕೋಣೆಗೆ ಕೋಣೆಯೇ ತಲೆಯೆತ್ತಿ ನೋಡಿತು. ಎರಡು ಕರ್ಚೀಫು ತೆಗೆದು ಎರಡು ಕೈಯ ಬಳೆಗಳಿಗೂ ಸುತ್ತಿ ಕಟ್ಟಿಕೊಂಡೆ. ಕೈ ಸುಟ್ಟುಕೊಂಡವಳು ಎಂದುಕೊಂಡು ಎದುರಿಗಿದ್ದ ಮುದುಕರೊಬ್ಬರು ನನ್ನ ಕಡತದ ಪೆಟ್ಟಿಗೆಯನ್ನು ತಾವೇ ಎತ್ತಿ ಕೊಟ್ಟರು. ನಾನೂ ತಿದ್ದಲು ಹೋಗಲಿಲ್ಲ.

ಕೌಂಟರಿನಲ್ಲಿದ್ದ ಸಾಹೇಬರು ವಿವರಿಸಿದರು. ಸೆರೆಯಿಂದ ತಪ್ಪಿಸಿಕೊಂಡು ಬಂದ ಪ್ರತಿಯೊಬ್ಬನನ್ನೂ ಕೂರಿಸಿ, ಹೇಗೆ ಬಂದೆ, ಎಲ್ಲಿ ಅಡಗಿದ್ದೆ, ಯಾರು ಅನ್ನ ಹಾಕಿದರು ಎಂದು ಕೇಳಿ ಟೈಪು ಮಾಡಿಟ್ಟಿದ್ದರಂತೆ. ಆವರೆಗೆ ಗುಟ್ಟಾಗಿದ್ದ ಆ ಕಾಗದಗಳನ್ನು ಸಾರ್ವಜನಿಕರಿಗೆ ತೆರೆದು ಹೆಚ್ಚು ಕಾಲವಾಗಿರಲಿಲ್ಲ. ನಾನು ನೋಡಬೇಕಾಗಿದ್ದ ಹಿಂದೂಸ್ಥಾನದ ಸೈನಿಕರ ಕಾಗದಗಳನ್ನು ಅವರವರ ಸೀಮೆಯ ಪ್ರಕಾರ ಕಟ್ಟಿಟ್ಟಿದ್ದರು. ನಿಮ್ಮವರು ಯಾವ ಸೀಮೆ ಎಂದು ಕೇಳಿದರು.

ನಮ್ಮ ರಾಜ್ಯಕ್ಕೆ ಆಗಷ್ಟೇ ಹೊಸ ಹೆಸರು ಬಂದಿತ್ತು. ದಪ್ಪ ಅಕ್ಷರದಲ್ಲಿ ಕರ್ನಾಟಕ ಎಂದು ಬರೆದುಕೊಟ್ಟೆ. ಅಂಥದ್ದು ಇಲ್ಲವೇ ಇಲ್ಲ ಎಂದರು. ಸರಿ, ಯುದ್ಧದ ಕಾಲದಲ್ಲಿ ಆ ಹೆಸರು ಎಲ್ಲಿಂದ ಬರಬೇಕು ಎಂದು ನನ್ನನ್ನು ನಾನೇ ಬೈದುಕೊಂಡು ಮೈಸೂರು ಎಂದು ಬರೆದೆ. ಪೆಟ್ಟಿಗೆ ಬಂತು.

ಎಂಥೆಂಥ ಕಥೆಗಳು. ಒಬ್ಬ ಚಳಿಗಾಲ ಪೂರ್ತಿ ಇಗರ್ಜಿಯ ಗಂಟೆಗೂಡಿನಲ್ಲಿ ಮಲಗಿ, ಗಂಟೆ ಹೊಡೆದಾಗಲೆಲ್ಲ ಕಿವಿಗೆ ಉಣ್ಣೆ ತುರುಕಿಕೊಂಡಿದ್ದನಂತೆ. ಇನ್ನೊಬ್ಬ ಕುರಿ ಕಾಯುವ ಮೂಗನ ವೇಷ ಹಾಕಿ, ಕುರಿಯೊಂದು ಹಳ್ಳಕ್ಕೆ ಬಿದ್ದಾಗ ತಡೆಯಲಾರದೆ ತನ್ನ ಭಾಷೆಯಲ್ಲಿ ಕೂಗಿಬಿಟ್ಟಿದ್ದನಂತೆ. ನಾನು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದೆ. ಎದುರಿನ ಮುದುಕರು ಕೈನೋವಿನವಳು ನಗುತ್ತಾಳಲ್ಲ ಎಂದು ನೋಡುತ್ತಿದ್ದರು. ಮೈಸೂರಿನ ಪೆಟ್ಟಿಗೆಯನ್ನು ತಳದವರೆಗೂ ನೋಡಿದೆ, ಮತ್ತೊಮ್ಮೆ ಮೇಲಿನಿಂದ ನೋಡಿದೆ. ಮುಳ್ಳೂರಿನ ಮಾದಪ್ಪ ಇರಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಯಾರಿಗೂ ಏನೂ ಹೇಳದೆ ಕೂತಿದ್ದೆ, ಪಕ್ಕಾ ಲಂಡನ್ನಿನವಳ ಹಾಗೆ.

ಸ್ಟೆಲ್ಲಾಳ ಅಡುಗೆಮನೆ

ನನ್ನ ಮುಖ ನೋಡಿ ಸ್ಟೆಲ್ಲಾ ಕೇಕು ಕತ್ತರಿಸಿಟ್ಟಳು. ಭಾವನವರ ಮುಂದೆ ಹೋಗಿ ಕಾಗದ ಸಿಗಲಿಲ್ಲ ಎಂದು ಹೇಗೆ ಹೇಳಲಿ ಎಂಬುದೇ ನನ್ನ ಚಿಂತೆ. ಅವಳು ಮಾತು ಬದಲಿಸಲು ಶಾಲೆಯ ಗ್ರೂಪ್ ಫೋಟೊ ತಂದಳು. ಎರಡನೇ ಸಾಲಿನಲ್ಲಿ ಎರಡು ಜಡೆ ಹಾಕಿಕೊಂಡು ನಾನು, ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಅವಳು.

"ಗೌರಿ, ನಿಮ್ಮೂರಿಗೆ ಮೈಸೂರೇ ಹತ್ತಿರ ಅನ್ನುತ್ತಿದ್ದೆ. ಅಲ್ಲೂ ಕಾನ್ವೆಂಟು ಇತ್ತು. ಮತ್ತೆ ನಿಮ್ಮಪ್ಪ ನಿನ್ನನ್ನು ಅಷ್ಟು ದೂರ ಕೊಯಮತ್ತೂರಿಗೆ ಯಾಕೆ ಕಳಿಸಿದರು?"

"ಯಾಕೆ ಅಂದರೆ, ನಮ್ಮ ಜಿಲ್ಲೆಯೇ ಕೊಯಮತ್ತೂರು" ಎಂದೆ.

ಹೇಳಿದ ಮೇಲೆ ಟೀ ಕಪ್ಪು ಕೆಳಗಿಟ್ಟೆ.

ಐವತ್ತಾರರವರೆಗೆ ಕೊಳ್ಳೇಗಾಲ ಮದರಾಸು ರಾಜ್ಯದ್ದು, ಕೊಯಮತ್ತೂರು ಜಿಲ್ಲೆ. ಪಕ್ಕದ ಯಳಂದೂರಿಗೆ ಹೋದರೆ ಅದು ಮೈಸೂರು ಮಹಾರಾಜರ ಸೀಮೆ, ಬೇರೆ ಸರ್ಕಾರ. ಅಪ್ಪ ಕೋರ್ಟು ಕಚೇರಿಗೆ ಹೋಗುತ್ತಿದ್ದದ್ದೆಲ್ಲ ಕೊಯಮತ್ತೂರಿಗೆ, ಹಾಗಾಗಿ ನನ್ನನ್ನೂ ಅಲ್ಲೇ ಶಾಲೆಗೆ ಬಿಟ್ಟಿದ್ದರು. ಐವತ್ತಾರರ ನವೆಂಬರಿನಲ್ಲಿ ನಮ್ಮನ್ನು ಮೈಸೂರಿಗೆ ಸೇರಿಸಿದ ದಿನ ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿದೆವು. ಹಂಚಿದ ಖುಷಿಯಲ್ಲಿ ಅದಕ್ಕೆ ಮೊದಲು ನಾವು ಬೇರೆಲ್ಲೋ ಇದ್ದೆವು ಎಂಬುದನ್ನೇ ಮರೆತೆವು. ಇಂಥ ತಪ್ಪು ನಮ್ಮ ತಾಲ್ಲೂಕಿನವರು ಮಾತ್ರ ಮಾಡಲು ಸಾಧ್ಯ. ಹನೂರಿನಿಂದ ಪಾಲಾರಿನವರೆಗೆ ಯಾರನ್ನು ಬೇಕಾದರೂ ಕೇಳಿ, ನಾವು ಆದಿಯಿಂದಲೂ ಮೈಸೂರಿನವರೇ ಎನ್ನುತ್ತಾರೆ, ಅರ್ಧ ಮಾತು ತಮಿಳಿನಲ್ಲಿ ಆಡುತ್ತ.

ಸ್ಟೆಲ್ಲಾ ನಕ್ಕೂ ನಕ್ಕೂ ಕನ್ನಡಕ ಒರೆಸಿಕೊಂಡಳು. ಮಲೆದುಕಾತಾ ಎಂದಳು, ಸಿಸ್ಟರಿನ ದನಿಯಲ್ಲೇ.

ಮರುದಿನ ಮದರಾಸಿನ ಪೆಟ್ಟಿಗೆ ಕೇಳಿದೆ. ಕೌಂಟರಿನ ಸಾಹೇಬರು, ನಿಮ್ಮ ಊರು ಬಹಳ ಪ್ರಯಾಣ ಮಾಡಿದೆಯಲ್ಲ ಮೇಡಂ ಎಂದರು. ಕೊಯಮತ್ತೂರಿನ ಕಟ್ಟಿನ ನಡುವೆ ಮಾದಪ್ಪ, ಡ್ರೈವರ್, ಹಳ್ಳಿ ಮುಳ್ಳೂರು. ಬೆರಳಿಟ್ಟು ಒಂದೊಂದೇ ಸಾಲು ಓದಿದೆ.

ಬರೆದುಕೊಂಡ ಅಧಿಕಾರಿ ಒಣ ಮನುಷ್ಯ. ಈತ ಶಾಂತ ಸ್ವಭಾವದವನು, ಮಾಂಸ ತಿನ್ನುವುದಿಲ್ಲ, ಮೊಂತೆ ಸೆರಿನೊ ಎಂಬ ಹಳ್ಳಿಯಲ್ಲಿ ಅಸುಂತಾ ಎಂಬಾಕೆಯ ಮನೆಯ ಅಟ್ಟದ ಮೇಲೆ ರೇಷ್ಮೆ ಹುಳಗಳ ನಡುವೆ ಅಡಗಿದ್ದನು, ಶತ್ರುಗಳು ಬಂದುದರಿಂದ ಜಾಗ ಬಿಟ್ಟನು. ಕೊನೆಯ ಸಾಲು, ಸಹಾಯ ಮಾಡಿದವರ ಗತಿ ತಿಳಿದಿಲ್ಲ.

ಆ ಸಾಲನ್ನು ಮುಳ್ಳೂರಿಗೆ ತೆಗೆದುಕೊಂಡು ಹೋಗಿ ಏನು ಮಾಡಲಿ? ಭಾವನವರಿಗೆ ಅದು ಆಗಲೇ ಗೊತ್ತಿತ್ತು. ಹೆಸರು ಸಿಕ್ಕಿತಲ್ಲ, ಪ್ಯಾಕ್ ಮಾಡು, ನಾನೂ ಬರುತ್ತೇನೆ ಎಂದಳು ಸ್ಟೆಲ್ಲಾ. ನನ್ನ ವಿಮಾನ ರೋಮಿನಲ್ಲಿ ಇಳಿದೇ ಹೋಗುವುದು ಎಂದು ಅವಳು ಆಗಲೇ ನೋಡಿಟ್ಟಿದ್ದಳು.

ಮೊಂತೆ ಸೆರಿನೊ

ರೋಮಿನಿಂದ ಬಸ್ಸು, ಆಮೇಲೆ ಇನ್ನೊಂದು ಬಸ್ಸು. ಎರಡನೆಯದರಲ್ಲಿ ಒಬ್ಬ ಹೆಂಗಸು ಕೋಳಿ ಇಟ್ಟುಕೊಂಡು ಕೂತಿದ್ದಳು, ಡ್ರೈವರು ದಾರಿಯಲ್ಲಿ ನಿಲ್ಲಿಸಿ ಯಾರದೋ ಮನೆಗೆ ಔಷಧಿ ಕೊಟ್ಟು ಬಂದ. ನಮ್ಮ ಕಡೆಯ ಹೂಗ್ಯಂ ಹಳ್ಳಿಯ ಬಸ್ಸೇ ಸರಿ. ಇಳಿದ ಕೂಡಲೇ ಚೌಕದ ಬೆಂಚಿನ ಮೇಲಿದ್ದ ಮುದುಕರೆಲ್ಲ ಎದ್ದು ಬಂದು, ಯಾರು, ಎಲ್ಲಿಂದ, ಯಾರ ಮನೆಗೆ ಎಂದು ಕೈ ಬಾಯಿ ಎರಡರಲ್ಲೂ ಕೇಳಿದರು. ನನಗೆ ಊರಿಗೆ ಬಂದಷ್ಟು ಸಮಾಧಾನವಾಯಿತು. ಅಸುಂತಾ ಎಂದೆ. ಒಬ್ಬರಿಗೊಬ್ಬರು ಮುಖ ನೋಡಿಕೊಂಡರು. ಆಮೇಲೆ ಗೊತ್ತಾಯಿತು, ಆ ಹೆಸರಿನವರು ಊರಿನಲ್ಲಿ ಬಹಳ ಜನರಿದ್ದರು. ಸ್ವಲ್ಪ ಇಂಗ್ಲಿಷ್ ಬಲ್ಲ ಊರಿನ ಪಾದ್ರಿಗಳನ್ನು ಕರೆತಂದರು. ಅವರು, ಒಂದೊಂದೇ ಮನೆ ನೋಡೋಣ, ಎಲ್ಲರೂ ಕಾಫಿ ಕೊಡುತ್ತಾರೆ ಎಂದರು.

ಎಲ್ಲ ಮನೆ ನೋಡುವ ಅಗತ್ಯ ಬೀಳಲಿಲ್ಲ. ಏರು ಬೀದಿಯ ಕೊನೆಯ ಮನೆಯ ಹೊರಗೋಡೆಗೆ ಒಂದು ಚಂದ್ರಿಕೆ ಒರಗಿ ನಿಂತಿತ್ತು.

ಚಂದ್ರಿಕೆ ಎಂದರೆ, ರೇಷ್ಮೆ ಬೆಳೆಯದ ಸೀಮೆಯ ಓದುಗರಿಗೆ ಹೇಳಬೇಕು, ಹಣ್ಣಾದ ಹುಳ ಗೂಡು ಕಟ್ಟಲೆಂದು ನಾವು ಬಿಡುವ ದೊಡ್ಡ ಬಿದಿರ ತಟ್ಟಿ. ಮೇಲೆ ಬಿದಿರ ಪಟ್ಟಿಯನ್ನು ಸುರುಳಿ ಸುತ್ತಿ ಕೂರಿಸಿರುತ್ತಾರೆ. ಇಟಲಿಯವರು ಹುಳವನ್ನು ಒಣ ಕಡ್ಡಿಗಳ ಮೇಲೆ ಹತ್ತಿಸುತ್ತಾರೆ, ಅವರಲ್ಲಿ ಇದು ಇಲ್ಲ. ಇಲ್ಲಿದ್ದದ್ದು ಬಿದಿರಿನದಲ್ಲ, ಯಾವುದೋ ಬಳ್ಳಿಯಂಥ ಕಡ್ಡಿಯದು, ಒಂದು ಮೂಲೆ ಮುರಿದಿತ್ತು, ಮೇಲೆ ಕಾಲುಚೀಲಗಳು ಒಣಗುತ್ತಿದ್ದವು. ಆದರೆ ಆ ಸುರುಳಿ ಕೊಳ್ಳೇಗಾಲದ ಸುರುಳಿ.

ಬಾಗಿಲು ತೆರೆದಿತ್ತು. ಮಹಡಿಯ ಮೆಟ್ಟಿಲಿನಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂತು. ಅದು ಹುಳದ ಕಾಲ. ನಾನು ಯೋಚಿಸದೆ ಹೊಸಿಲಿನ ಹೊರಗೇ ಚಪ್ಪಲಿ ಬಿಟ್ಟು, ಕಾಲು ತೊಳೆಯಲು ನೀರೆಲ್ಲಿ ಎಂದು ಸುತ್ತ ನೋಡಿದೆ. ನಮ್ಮಲ್ಲಿ ಕೈಕಾಲು ತೊಳೆಯದೆ ಹುಳದ ಮನೆಗೆ ಯಾರೂ ಹೋಗುವುದಿಲ್ಲ. ಒಳಗಿನಿಂದ ಕಪ್ಪು ಬಟ್ಟೆಯ, ಕುಳ್ಳಗಿನ ಮುದುಕಿ ಬಂದರು. ನನ್ನ ಸೀರೆ ನೋಡಲಿಲ್ಲ, ಬರಿಗಾಲನ್ನು ನೋಡಿದರು. ಚಂದ್ರಿಕೆಯ ಕಡೆ ತಿರುಗಿದರು. ಮತ್ತೆ ನನ್ನ ಕಾಲನ್ನು ನೋಡಿದರು.

"ಮಾದೊ" ಎಂದರು.

ನಾನು ತಲೆಯಾಡಿಸಿ, ಬದುಕಿದ್ದಾರೆ, ಮೊಮ್ಮಕ್ಕಳಿದ್ದಾರೆ ಎಂದೆ. ಪಾದ್ರಿಗಳು ಅದನ್ನು ಅವರ ಭಾಷೆಯಲ್ಲಿ ಹೇಳಿದರು. ಆಕೆ ನನ್ನನ್ನು ತಬ್ಬಿಕೊಳ್ಳುತ್ತಾರೆ ಎಂದುಕೊಂಡೆ. ತಬ್ಬಿಕೊಂಡರು ಕೂಡ, ಆದರೆ ಮೊದಲು ಬೈದರು, ನನ್ನನ್ನಲ್ಲ, ಭಾವನವರನ್ನು. ವೆರ್ಗೋನ್ಯಾ. ಮಲೆದುಕಾತೊ. ಪಾದ್ರಿಗಳು ಮುಜುಗರದಿಂದ, ಇದನ್ನು ಭಾಷಾಂತರಿಸುವುದು ಕಷ್ಟ ಎಂದರು. ಬೇಡ ಫಾದರ್, ನಮಗೆ ಪೂರ್ತಿ ಅರ್ಥವಾಗುತ್ತಿದೆ ಎಂದಳು ಸ್ಟೆಲ್ಲಾ.

ಒಲೆಯ ಮೇಲೆ ಅವರೆಗಾಳಿನಂಥ ಕಾಳು ಬೇಯುತ್ತಿತ್ತಂತೆ ಅವತ್ತು. ಊಟ ಮಾಡದೆ, ಹೇಳದೆ, ಕಿಟಕಿಯಿಂದ ಹೋಗುವುದು ಯಾವ ದೇಶದ ಪದ್ಧತಿ ಎಂಬುದು ಆಕೆಯ ಪ್ರಶ್ನೆ. ದಾರಿಯಲ್ಲಿ ಕೊಂದಿರುತ್ತಾರೆ ಎಂದು ಇಷ್ಟು ವರ್ಷವೂ ಭಾನುವಾರ ತಪ್ಪದೆ ಅವನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿದ್ದರಂತೆ. ಅಷ್ಟು ಬತ್ತಿಗೂ ಈಗ ಯಾರು ಜವಾಬ್ದಾರಿ ಎಂದರು.

ಕೋವಿ ಹಿಡಿದು ಬಂದವರು ಯಾರು ಎಂದು ಕೇಳಿದೆ. ಇಡೀ ಪ್ರಯಾಣ ಆ ಒಂದು ಪ್ರಶ್ನೆಗಾಗಿ.

ಅಸುಂತಾ ಹಣೆ ಚಚ್ಚಿಕೊಂಡು ನಕ್ಕರು. ಪಕ್ಕದೂರಿನ ಅಣ್ಣತಮ್ಮಂದಿರಂತೆ, ಜರ್ಮನರ ಕಡೆಯ ಸರ್ಕಾರದ ಪಡೆಗೆ ಸೇರಿದ್ದವರು. ಮನೆಯಲ್ಲಿ ಅವರ ಅಮ್ಮನ ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು. ಜ್ವರ ಎಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಮುಗಿಸಿ ಎದ್ದ ಹುಳದ ಹಸಿವು ಕಂಡವರಿಗೇ ಗೊತ್ತು, ತೋಟಕ್ಕೆ ತೋಟ ಸಾಲುವುದಿಲ್ಲ. ಅವರ ಮರಗಳನ್ನು ಜರ್ಮನರು ಸೌದೆಗೆ ಕಡಿದುಕೊಂಡಿದ್ದರು. ಕೋವಿ ಹೊತ್ತು ಕಾವಲಿಗೆ ಹೋಗುತ್ತಿದ್ದ ಹುಡುಗರು, ಅಮ್ಮ ಹೇಳಿದಳೆಂದು, ಒಂದು ಕಟ್ಟು ಸೊಪ್ಪು ಕೇಳಲು ಬಂದಿದ್ದರು. ಹುಳದ ಮನೆಯೆಂದು ಹೊಸಿಲು ದಾಟದೆ ಹೊರಗೇ ನಿಂತಿದ್ದರು. ಸೊಪ್ಪು ತರಲು ಈಕೆ ಮೇಲೆ ಹೋದರೆ ಕಿಟಕಿ ತೆರೆದಿದೆ, ಮಾದೊ ಇಲ್ಲ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಗು ಬಂತು, ಕಣ್ಣಲ್ಲಿ ನೀರೂ ಬಂತು, ಯಾವುದು ಮೊದಲು ಎಂದು ಹೇಳಲಾರೆ. ಅಸುಂತಾ ನನ್ನ ಕೈ ಹಿಡಿದು ಮೇಲೆ ಕರೆದುಕೊಂಡು ಹೋದರು. ಊರಿನಲ್ಲಿ ಹುಳ ಸಾಕುವವರು ಈಗ ಅವರೊಬ್ಬರೇ, ಅದೂ ಅಭ್ಯಾಸಬಲದಿಂದ ಒಂದು ತಟ್ಟೆ. ಹುಳಗಳು ತಲೆಯೆತ್ತಿ ನಿಂತಿದ್ದವು, ಥೇಟ್ ನಮ್ಮವುಗಳ ಹಾಗೆ.

ಹೊರಡುವಾಗ ಒಂದು ಗಂಟು ಒಣ ಕಾಳು ಕೊಟ್ಟರು. ಆವತ್ತು ಬಿಟ್ಟುಹೋದ ಊಟ ಅವನು ಮಾಡಲೇಬೇಕು ಎಂದರು.

ಮರಳಿ ಮುಳ್ಳೂರು

ಭಾವ ಜಗಲಿಯ ಮೇಲೇ ಇದ್ದರು. ಒಳಗೆ ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು, ಮನೆಮಂದಿಗೆಲ್ಲ ಮೈತುಂಬ ಕೆಲಸ. ನಾನು ಕೂರುವ ಮೊದಲೇ, ಆಕೆ ಚೆನ್ನಾಗಿದ್ದಾರೆ ಭಾವ ಎಂದೆ. ಅವರು ಸರಿದು ಕೂತು ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟರು. ಆಮೇಲೆ ಎಲ್ಲವನ್ನೂ ಹೇಳಿದೆ. ಕೊಯಮತ್ತೂರು, ಚಂದ್ರಿಕೆ, ಕಾಲುಚೀಲ, ಬೈಗುಳ, ಮೇಣದಬತ್ತಿ. ಕೋವಿ ಹಿಡಿದ ಹುಡುಗರು ಬಂದದ್ದು ಸೊಪ್ಪಿಗೆ ಎಂದು ಹೇಳಿ, ನಗುತ್ತಾರೆ ಎಂದು ಕಾದೆ.

ಅವರು ನಗಲಿಲ್ಲ. ರೈತನ ಮುಖ ಮಾಡಿಕೊಂಡು ಕೇಳಿದರು.

"ಸೊಪ್ಪು ಕೊಟ್ಟುಳಂತಾ?"

"ಕೊಟ್ಟರಂತೆ. ಬೆಳಗಿನ ಕತ್ತಲಲ್ಲೇ ನೀವು ಕುಯ್ದು ಕಿಟಕಿ ಹತ್ತಿರ ಇಟ್ಟಿದ್ದಿರಂತಲ್ಲ, ಆ ಕಟ್ಟನ್ನೇ."

"ಸದ್ಯ" ಎಂದರು. "ನಾಕ್ನೇ ಜ್ವರ ಎದ್ದಿದ್ ಹುಳ. ಉಪಾಸ ಕೆಡುವ್ಬಾರ್ದು."

ಆಗ ನಕ್ಕರು, ಮೆಲ್ಲಗೆ ಶುರುವಾದ ನಗು ಜಗಲಿಯ ಕಂಬ ಹಿಡಿದುಕೊಳ್ಳುವಷ್ಟಾಯಿತು. ಅಕ್ಕ ಒಳಗಿನಿಂದ ಬಂದು ಏನಾಯಿತು ಎಂದು ಕೇಳಿದರೆ ಹೇಳಲು ಇಬ್ಬರಿಗೂ ಉಸಿರಿರಲಿಲ್ಲ. ಅಕ್ಕನ ಕೈಗೆ ಇಟಲಿಯ ಕಾಳಿನ ಗಂಟು ಕೊಟ್ಟೆ.

ಸ್ವಲ್ಪ ಹೊತ್ತಿಗೆ ಭಾವ ಎದ್ದು ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದರು. ಸೊಪ್ಪಿನ ಕಟ್ಟು ಹೊತ್ತು ಬಂದು, ಬಾನಿಯಿಂದ ನೀರು ಮೊಗೆದುಕೊಂಡ ಸದ್ದು ಕೇಳಿಸಿತು. ಹುಳದ ಮನೆಯೊಳಗಿದ್ದ ಅವರ ಸೊಸೆ ತಿರುಗಿ ನೋಡದೆ, ಅಭ್ಯಾಸದಂತೆ, ಅಲ್ಲೇ ಹಾಕಿ ಮಾವ, ನಾನು ತಕತ್ತೀನಿ ಎಂದಳು.

"ಬ್ಯಾಡ ಕಣವ್ವ, ಈಚ್ಗ್ ಸರ್ಕೊ" ಎಂದರು ಭಾವ. "ಕಾಲ್ ತೊಳ್ಕಂಡಿವ್ನಿ."